ಅಪ್ಪ ‘ಇಳಿಸು’ ಅಂದ ದಿನ

ತಾ. 9 ಮಾರ್ಚ್, ಸೋಮವಾರ

ಪ್ರೀತಿಯ ಅಕ್ಕನಿಗೆ,

ಬಾಯಿ ಬಿಡೋದೇ ಇಲ್ಲ ಅಂತ ನೀನು ‘ಮೂಗಿ’ ಅನ್ನುವ ತಂಗಿಯ ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳಾಯಿತು, ಈಗ ಉತ್ತರ ಬರೆಯುತ್ತಿದ್ದೇನೆ. ಮುನಿಸಿಕೊಳ್ಳಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಒಂದು ಸಾಲು ಬರೆದರೆ ಮೂರು ಸಾಲು ಹೊಡೆದುಹಾಕುತ್ತೇನೆ. ಫೋನಿನಲ್ಲಂತೂ ನನಗೆ ಮಾತೇ ಹೊರಡುವುದಿಲ್ಲ.

ಅಪ್ಪ ಚೇತರಿಸಿಕೊಂಡಿದ್ದಾರೆ. ಮೊನ್ನೆಯಿಂದ ಅಂಗಡಿಗೂ ಬರುತ್ತಿದ್ದಾರೆ. ಗಾಜು ಎತ್ತಲು ನಾನು ಬಿಡುವುದಿಲ್ಲ. ಸ್ಟೂಲಿನ ಮೇಲೆ ಕೂತು ಅಳತೆ ಹಿಡಿದು ಗಾಜಿನ ಮೇಲೆ ಗೆರೆ ಕೊಯ್ದು ಕೊಡುತ್ತಾರೆ, ಆ ಗೆರೆಗುಂಟ ಮುರಿಯುವುದು ನಾನು. “ಈಗ ನೋಡೋರಿಗೆ ನಾನೇ ಯಜಮಾನ ಅಂತ ಗೊತ್ತಾಗುತ್ತೆ” ಅಂತ ನಗುತ್ತಾರೆ.

ಆಸ್ಪತ್ರೆಯಿಂದ ಅವರು ಭಾವನಿಗೆ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: ಮಾತ್ರೆ ತಪ್ಪಿ ನುಂಗಿದೆ, ಈಗ ಪರವಾಗಿಲ್ಲ ಅಂತ. ಉಳಿದದ್ದನ್ನು ನಾನು ಬರೆಯುತ್ತೇನೆ. ಹೃದಯಕ್ಕೆ ತೊಂದರೆಯಾಗಬಾರದು ಅಂತ ಡಾಕ್ಟರಮ್ಮ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಿದ್ದು ನಿನಗೆ ಗೊತ್ತು. ಚಳಿಗಾಲದಲ್ಲಿ ಅಪ್ಪನ ತೊಡೆ ನೋಯತೊಡಗಿತು. ಕುರ್ಚಿಯಿಂದ ಏಳಲು ಕೈ ಊರಬೇಕು. ತಲೆ ಬಾಚಲು ಎತ್ತಿದ ತೋಳು ಅರ್ಧಕ್ಕೇ ಇಳಿಯುತ್ತಿತ್ತು. “ವಯಸ್ಸಾಯ್ತಲ್ಲಮ್ಮಾ” ಅನ್ನುತ್ತಿದ್ದರು. ನಾನೂ ನಂಬಿದೆ.

ನಮ್ಮ ಕೆಲಸದ ನಿಯಮ ನೆನಪಿದೆಯಲ್ಲ? ಗಾಜು ಹೊತ್ತಾಗ ಯಾರ ಕೈ ಸೋತರೂ “ಇಳಿಸು” ಅನ್ನಬೇಕು, ಇನ್ನೊಬ್ಬರು ಯಾಕೆ ಅಂತ ಕೇಳದೆ ಇಳಿಸಬೇಕು. ಇಷ್ಟು ವರ್ಷ ಆ ಮಾತು ಹೇಳಿದವಳು ನಾನೊಬ್ಬಳೇ. ಆವತ್ತು ದರ್ಜಿಯ ಮಹಡಿಗೆ ನಿಲುವುಗನ್ನಡಿ ಒಯ್ಯುತ್ತಿದ್ದೆವು. ಐದನೇ ಮೆಟ್ಟಿಲಲ್ಲಿ ಅಪ್ಪ “ಇಳಿಸಮ್ಮಾ” ಅಂದರು. ನನಗೆ ನಂಬಿಕೆಯೇ ಬರಲಿಲ್ಲ. “ಯಾಕಪ್ಪಾ?” ಅಂದುಬಿಟ್ಟೆ. ಅಷ್ಟರಲ್ಲಿ ಕನ್ನಡಿ ಜಾರಿ ಚೂರಾಯಿತು. ಇಬ್ಬರಿಗೂ ಗಾಯವಾಗಲಿಲ್ಲ. ಅಪ್ಪ ಮೆಟ್ಟಿಲ ಮೇಲೆ ಕೂತು, “ಕಾಲು ನಂದಲ್ಲ ಅನ್ನಿಸ್ತಿದೆ ಕಣೇ. ಬೆಳಗ್ಗೆ ಮೂತ್ರ ಟೀ ಬಣ್ಣ ಇತ್ತು” ಅಂದರು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. “ಸ್ನಾಯು ಒಡೆದು ರಕ್ತಕ್ಕೆ ಸೇರ್ತಾ ಇದೆ. ಈ ಮಾತ್ರೆಯಿಂದ ಕೆಲವರಿಗೆ ಮೈಕೈ ನೋಯೋದುಂಟು, ಇಷ್ಟಾಗೋದು ಅಪರೂಪ. ಮಾತ್ರೆ ಡಬ್ಬಿ ತನ್ನಿ” ಅಂದರು. ನಾನು ಮನೆಯಿಂದ ತಂದುಕೊಟ್ಟೆ. ಡಾಕ್ಟರಮ್ಮ ಹಳೆಯದನ್ನು ನಿಲ್ಲಿಸಿ ಇನ್ನೂ ಜೋರಿನದು ಬರೆದಿದ್ದರಂತೆ. ಡಬ್ಬಿಯಲ್ಲಿ ಎರಡೂ ಇದ್ದವು. ಬಣ್ಣ ಬೇರೆ, ಹೆಸರು ಬೇರೆ, ಒಳಗಿನ ಮದ್ದು ಒಂದೇ. “ನಂದೇ ತಪ್ಪು ಡಾಕ್ಟ್ರೇ, ಕಣ್ಣು ಮಂಜು” ಅಂದರು ಅಪ್ಪ.

ಐದು ದಿನ ಡ್ರಿಪ್ ಹಾಕಿದರು. “ಇನ್ನು ಈ ಮಾತ್ರೆ ಮುಟ್ಟೋದಿಲ್ಲ” ಅಂತ ಅಪ್ಪ ಹಟ ಹಿಡಿದರೆ ಡಾಕ್ಟರಮ್ಮ, “ಅದರ ಮೇಲೆ ಸಿಟ್ಟು ಬೇಡ. ಸ್ನಾಯು ಸುಧಾರಿಸಲಿ, ಆಮೇಲೆ ಬೇರೆ ಏನು ಕೊಡಬಹುದು ನೋಡೋಣ. ನಿಮ್ಮ ಹೃದಯನೂ ಕಾಯಬೇಕಲ್ಲ” ಅಂದರು.

ಭಾವನಿಗೆ ನಮಸ್ಕಾರ. ನಿನ್ನ ಮಗಳು ನೂರು ವರ್ಷ ಬಾಳಲಿ ಅಂತ ಅಪ್ಪ ಹರಸಿದ್ದಾರೆ.

ನಿನ್ನ,
ಮೂಗಿ

ಮರೆತ ಮಾತು: ಮರೆತಿರಲಿಲ್ಲ ಅಕ್ಕಾ. ಅಪ್ಪನ ಮಾತ್ರೆ ಡಬ್ಬಿ ತುಂಬುವವಳು ನಾನು. ಹೊಸ ಮಾತ್ರೆ ಕೊಂಡ ದಿನ, ಹಳೆಯದನ್ನು ನಿಲ್ಲಿಸಬೇಕಾ ಅಂತ ಔಷಧಿ ಅಂಗಡಿಯಲ್ಲಿ ಕೇಳಬೇಕೆನಿಸಿತ್ತು. ಹಿಂದೆ ಜನ ನಿಂತಿದ್ದರು. ನಾಚಿಕೊಂಡು ಸುಮ್ಮನೆ ಬಂದೆ, ಎರಡನ್ನೂ ತುಂಬುತ್ತಾ ಹೋದೆ. “ಎರಡು ಮಾತ್ರೆ ನೋಡಿ ನುಂಗೋದಕ್ಕೂ ಬರೋದಿಲ್ವಾ ಅಪ್ಪಾ?” ಅಂತ ನೀನು ಬೈದು ಬರೆದ ಕಾಗದವನ್ನು ಅವರಿಗೆ ಓದಿ ಹೇಳಿದವಳೂ ನಾನೇ. ಅವರು ನನ್ನ ಮುಖ ನೋಡದೆ, “ಹೌದು, ತಪ್ಪಾಯ್ತು ಅಂತ ಬರಿಯಮ್ಮಾ” ಅಂದರು. ಅವರಿಗೆ ಎಲ್ಲಾ ಗೊತ್ತು. ನೀನು ಇನ್ನೊಂದು ಕಾಗದ ಬರೆ. ಬೈಗುಳವನ್ನು ನನ್ನ ಹೆಸರಿಗೆ ಬರೆ. ಅವರ ಮುಂದೆ ಕೂತು ಗಟ್ಟಿಯಾಗಿ ಓದುತ್ತೇನೆ.