ಬಾಗಿಲ ಹೊರಗಿನ ಚಪ್ಪಲಿಗಳು

ಕೊಂಢವಾ, ಪುಣೆ
೧೨ ಜನವರಿ ೨೦೨೫, ರವಿವಾರ

ನನ್ನ ಪ್ರೀತಿಯ ಅವ್ವಾ,

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಮಾಮಾನ ಮನೆಯಲ್ಲೂ ಎಲ್ಲರಿಗಿಂತ ಮೊದಲು ಎದ್ದು ಕಸ ಗುಡಿಸುತ್ತೀಯೋ? ಹದಿನೈದು ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ. ಮಾಮಾನ ಮಗಳು ಸಪ್ನಾ ಓದಿ ಹೇಳಿದರೆ ಕೇಳುತ್ತೀಯೆಂದು ಪತ್ರ ಬರೆಯುತ್ತಿದ್ದೇನೆ.

ನಾನು ನಕ್ಷೆ ಹಾಕಿದ ಗ್ರಂಥಾಲಯಕ್ಕೆ ಜನ ಚೆನ್ನಾಗಿ ಬರುತ್ತಿದ್ದಾರೆ. ಹೆಂಗಸರ ಕೋಣೆಯಲ್ಲಿ ಹೊಲಿಗೆ ಕಲಿಸುವುದು ಶುರುವಾಗಿದೆ. ಅಂಗಳದ ಬೇವಿನ ಕಟ್ಟೆ ಮಧ್ಯಾಹ್ನ ಖಾಲಿ ಇರುವುದೇ ಇಲ್ಲ. "ಮರ ಕಡದು ಕುಂಡ್ಯಾಗ ಗಿಡ ಇಡ್ತಿಯೇನ, ಶಾಣ್ಯಾಕಿ?" ಎಂದು ನನ್ನ ಮೊದಲ ನಕ್ಷೆ ನೋಡಿ ಬೈದಿದ್ದೆಯಲ್ಲ, ಈಗ ಎಲ್ಲರೂ ಆ ಮರವನ್ನೇ ಹೊಗಳುತ್ತಾರೆ. ಆ ಹೊಗಳಿಕೆ ಮಾತ್ರ ನಿನಗಲ್ಲ, ನನ್ನ ಪಾಲಿಗೆ ಬರುತ್ತದೆ.

ಉದ್ಘಾಟನೆಯ ದಿನ, ಆ ಕಟ್ಟಡಕ್ಕೆ ಸಿಮೆಂಟು ಹೊತ್ತ ನಮ್ಮ ಕಡೆಯ ಹೆಂಗಸರನ್ನೆಲ್ಲ ನೀನೇ ಕರೆತಂದೆ. "ಪುಸ್ತಕ ಇದ್ದಲ್ಲಿ ಸರಸ್ವತಿ ಇರ್ತಾಳ" ಎಂದು ಎಲ್ಲರ ಚಪ್ಪಲಿ ಬಾಗಿಲಲ್ಲೇ ಬಿಡಿಸಿದೆ. ಒಂದೊಂದು ಬಳ್ಳಿಗೂ ಅಳತೆ ಹಿಡಿದು ಜಾಗ ಕೊಟ್ಟವಳು ನಾನು, ಚಪ್ಪಲಿಗೆ ಒಂದು ಗೇಣು ಬಿಟ್ಟಿರಲಿಲ್ಲ. ನೀವು ಹೊರಗೆ ಬರುವಷ್ಟರಲ್ಲಿ ಮೆಟ್ಟಿಲು ಬರಿದಾಗಿತ್ತು. ಕಾವಲುಗಾರ ಧರ್ಮರಾಜ ಎಲ್ಲವನ್ನೂ ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದ್ದ. "ನಿಮ್ಮವ್ವನ ಚಪ್ಪಲಿನೂ ಹಿಂಗ ಒಗಿತಿದ್ದೇನೋ?" ಎಂದು ನೀನು ಎಲ್ಲರೆದುರು ಅವನಿಗೆ ಬೈದೆ. ಅವನು ತಲೆ ತಗ್ಗಿಸಿದ. ನಾನು ಅತಿಥಿಗಳ ಪಕ್ಕದಲ್ಲಿ ಹೂಗುಚ್ಛ ಹಿಡಿದುಕೊಂಡು ಸುಮ್ಮನೆ ನಿಂತೆ. ನೀವೆಲ್ಲ ಬರಿಗಾಲಲ್ಲಿ ಮನೆಗೆ ನಡೆದಿರಿ, ಮರುದಿನ ನೀನು ಊರಿನ ಬಸ್ಸು ಹತ್ತಿದೆ.

ನನಗೆ ಭಾಳ ನಾಚಿಕೆಯಾಗಿದೆ, ಅವ್ವಾ. ಬಾಗಿಲ ಪಕ್ಕ ಚಪ್ಪಲಿ ಇಡಲು ನೆರಳಿನ ಜಾಗ ಮಾಡಿಸಿದ್ದೇನೆ. ಮನೆಮನೆಗೆ ಹೋಗಿ ಹೊಸ ಚಪ್ಪಲಿ ಕೊಟ್ಟುಬಂದೆ. ತೆಗೆದುಕೊಂಡರು, ಆದರೆ ಚಹಾ ಕುಡಿದು ಹೋಗು ಎಂದು ಯಾರೂ ಅನ್ನಲಿಲ್ಲ. ನೀನಾದರೂ ಬಂದು ನಾಲ್ಕು ಮಾತು ಬೈದುಬಿಡು.

ಮಾಮಾಗೂ ಅತ್ತೆಗೂ ನನ್ನ ಶರಣು ತಿಳಿಸು. ನಿನ್ನ ಪಾದಕ್ಕೆ ಹಣೆ ಹಚ್ಚಿ,

ನಿನ್ನ ಮಗಳು
ಶಿವಕಾಂತಾ

ತಾ.ಕ.: ಸಪ್ನಾ, ಇದನ್ನು ಬಿಡದೆ ಅವ್ವನಿಗೆ ಓದು. ಧರ್ಮರಾಜನದು ತಪ್ಪಿಲ್ಲ. ಅತಿಥಿಗಳ ಕಾರು ಬಂತೆಂದು, "ಇವನ್ನೆಲ್ಲ ಒಗಿ" ಎಂದವಳು ನಾನು. ಅವನು ಅನುಮಾನಿಸಿದ. ನೀಲಿ ದಾರದಿಂದ ಪಟ್ಟಿ ಹೊಲಿದ ಜೋಡು ಎತ್ತಿ ತೋರಿಸಿ, "ಇವು ನಿಮ್ಮವ್ವಾರವು ಅದಾವ್ರಿ ಮೇಡಂ" ಎಂದ. "ಗೊತ್ತದ, ಒಗಿ" ಎಂದೆ.