ಎಂಜಿನ್ನಿನ ಮೇಲೆ ಒಡೆದ ಕಾಯಿ

ಗಣೇಶಗುಡಿ
೧೩ ಅಕ್ಟೋಬರ್ ೨೦೨೫

ಗೆಳೆಯ ಜೇಮ್ಸ್‌ಗೆ ಮಲ್ಲೇಶನ ನಮಸ್ಕಾರ.

ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಡವಾಗಿ ಬರೆಯುತ್ತಿದ್ದೇನೆ, ಮನ್ನಿಸು. ಹತ್ತು ದಿನ ನೀನು ಫೋನ್ ಎತ್ತಲಿಲ್ಲ. ಎತ್ತದಿರುವುದು ನಿನ್ನ ಹಕ್ಕೆಂದು ತಿಳಿಯಲು ಈ ಮಹಾಪಂಡಿತನಿಗೆ ಅಷ್ಟು ದಿನ ಬೇಕಾಯಿತು.

ಸುದ್ದಿ ಏನೆಂದರೆ, ನಮ್ಮ ದೋಣಿಯ ಎಂಜಿನ್ ಚಾಲೂ ಆಗಿದೆ. ಆಯುಧಪೂಜೆಯ ಮರುದಿನ ನಡುಹೊಳೆಯಲ್ಲಿ ಅದು ಬಂದ್ ಬಿದ್ದಾಗ, "ನೀನ ವೈರ್ ಕೆದರಿ ಹಾಳ ಮಾಡೀದಿ" ಎಂದು ಆರು ಜನ ಪ್ರವಾಸಿಗರ ಎದುರು ನಿನ್ನ ಮೇಲೆ ಹರಿಹಾಯ್ದೆ. "ನಾ ಮುಟ್ಟೇ ಇಲ್ಲೋ ಮಲ್ಲಣ್ಣ" ಎಂದ ನೀನು, ಹುಟ್ಟು ಹಾಕಿ ಎಲ್ಲರನ್ನೂ ದಡ ಮುಟ್ಟಿಸಿ ಹೊರಟುಹೋದೆ. ಮೊನ್ನೆ ನಾನೇ ಎಂಜಿನ್ನಿಗೆ ವೈದ್ಯನಾದೆ.

ಎಂಜಿನ್ ನಿಲ್ಲಿಸುವ ಕೆಂಪು ದಾರದ ಕ್ಲಿಪ್ಪು ಜಾಗದಲ್ಲೇ ಇತ್ತು. ಪ್ಲಗ್ ಹೊಸದು ಹಾಕಿದೆ; ಕಿಡಿಯಿಲ್ಲ. ಕೊನೆಗೆ ಪ್ಲಗ್ಗನ್ನು ಎಂಜಿನ್ ಮೈಗೆ ತಾಗಿಸಿ, ಇಕ್ಕಳವಿದ್ದರೂ ಬರಿಗೈಯಲ್ಲಿ ಹಿಡಿದು, "ಹಗ್ಗ ಜಗ್ಗ" ಎಂದು ಹೆಂಡತಿಗೆ ಅಪ್ಪಣೆ ಕೊಟ್ಟೆ. ಇನ್ನೊಂದು ಕೈಯಿಂದ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್‌ನ ವೈರು ಅಲುಗಿಸಿದೆ. ಕಿಡಿ ಬಂತು. ನನ್ನ ಮೂಲಕ ಬಂತು.

"ಏನಾತ್ರೀ?" ಎಂದಳು ರಾಜಶ್ರೀ.

"ದೋಷ ಸಿಕ್ತು" ಎಂದೆ, ಕೂತಲ್ಲಿಂದಲೇ. ಹಲ್ಲು ಇನ್ನೂ ಕಟಕಟ ಎನ್ನುತ್ತಿದ್ದವು.

ಆ ವೈರಿನ ಜೋಡಣೆ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ನಡುವೆ ಒಂದೆಳೆ ತೆಂಗಿನ ನಾರು. ರಾಜಶ್ರೀ ಬಗ್ಗಿ ನೋಡಿ, "ಪೂಜಿ ದಿನ ಮ್ಯಾಲಿನ ಮುಚ್ಚಳಾ ತಗದು ಕಾಯಿ ಒಡದಾವ್ರು ಯಾರ್ರೀ? ಪುಣ್ಯ ಒಳಗೂ ಹೋಗ್ಲಿ ಅಂತ ನೀರ ಸುರದಿರಲ್ಲ? ಜೇಮ್ಸಣ್ಣ ಬ್ಯಾಡಂದ್ರೂ ಕೇಳಲಿಲ್ಲ" ಎಂದಳು.

ಕಾಯಿಲ್ ಶಾಕ್ ಹೊಡೆದಾಗ ಕೂತುಬಿಟ್ಟಿದ್ದೆ. ಈ ಮಾತು ಹೊಡೆದ ಮೇಲೆ ಏಳಲೇ ಆಗಲಿಲ್ಲ.

ಕಿಲುಬು ಉಜ್ಜಿ, ಒಣಗಿಸಿ ಜೋಡಿಸಿದೆ. ಎರಡನೇ ಜಗ್ಗಿಗೆ ಗುರ್ ಎಂದಿತು. ನಿನ್ನ ಜಾಗಕ್ಕೆ ಯಾರನ್ನೂ ಕರೆದಿಲ್ಲ, ಕರೆಯುವುದೂ ಇಲ್ಲ. ಬಾ.

ನಿನ್ನ ಮನೆ ಮಕ್ಕಳು ತಂಪಾಗಿರಲಿ.

ನಿನ್ನ,
ಮಲ್ಲೇಶ

ತಾ.ಕ.: ಎಂಜಿನ್ ಕತೆ ಹೇಳಿ ಕಾಗದ ಮುಗಿಸಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ನೀನು ಬಿಟ್ಟುಹೋದದ್ದು ವೈರಿನ ಮಾತಿಗಲ್ಲ, ಗೊತ್ತು. ಅದರ ಹಿಂದೆಯೇ ನಿನ್ನ ಕುಲ ಎತ್ತಿ, "ಕಾಡಿನ ಸಿದ್ದಿ ಕೈಯಾಗ ಮಶಿನ್ ಕೊಟ್ರ ಮತ್ತೇನಾಗ್ತೈತಿ" ಅಂದೆ. ಹನ್ನೊಂದು ವರ್ಷ ನಿನ್ನ ಬುತ್ತಿಯಲ್ಲಿ ಕೈ ಹಾಕಿ ಉಂಡವನು ಅಂದೆ. ಅಂಥ ಮಾತು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಕೇಳಿ ಬೆಚ್ಚಿದವನು ನಾನೇ. ಭಾನುವಾರ ನಿಮ್ಮೂರ ಚರ್ಚು ಬಿಡುವ ಹೊತ್ತಿಗೆ ಬರುತ್ತೇನೆ. ಅಂದದ್ದು ಎಲ್ಲರೆದುರು; ತಪ್ಪಾಯಿತು ಎನ್ನುವುದೂ ಎಲ್ಲರೆದುರೇ ಆಗಲಿ. ಆಮೇಲೆ ನೀನು ದೋಣಿಗೆ ಬರದಿದ್ದರೂ ಯಾಕೆಂದು ಕೇಳುವುದಿಲ್ಲ.