ಗುತ್ತೆವ್ವನ ಎರಡನೆಯ ಸರದಿ

೨೭ ಜುಲೈ ೧೯೪೨. ಅಕ್ಕಿಆಲೂರು

ಬೆಳಿಗ್ಗೆ ನೂಲು, ಆಮೇಲೆ ಓದು. ಎರಡು ಪುಟ ಆಗಿರಲಿಲ್ಲ, ತಂಗಿ ಗುತ್ತೆವ್ವ ಗಲ್ಲ ಹಿಡಿದು ಕುಳಿತಳು. ಅದೇ ಹಲ್ಲು—ಕೆಳಗಿನ ದವಡೆಯದು. ಅವ್ವ ಸಂತೆಯಲ್ಲಿ ಹಲ್ಲು ಕೀಳುವ ಹಜರತಅಲಿಯನ್ನು ಕರೆಸಿದಳು. ಬಾಗಿಲಲ್ಲೇ ತಡೆದೆ. ಬೇರಿನೊಳಗಿನ ಕೊಳೆತ ನರ ತೆಗೆದು, ತೊಳೆದು, ತುಂಬಿದರೆ ಹಲ್ಲು ಉಳಿಯುತ್ತದೆ. ನಾನು ಓದುವ ಆರೋಗ್ಯದ ಪ್ಯಾಂಫ್ಲೆಟ್‌ನಲ್ಲಿ ಚಿತ್ರ ಸಹಿತ ಇದೆ.

"ಹಂಗಾರ ಇಕ್ಕಳ ಮನಿಗೆ ಒಯ್ಯಲೇನ್ರಿ? ಇಲ್ಲಾ ಅದನ್ನೂ ಓದಿಸ್ತೀರೋ?" ಎಂದ ಹಜರತಅಲಿ. ಗುತ್ತೆವ್ವ ನೋವಿನಲ್ಲೂ ನಕ್ಕಳು.

೨೯ ಜುಲೈ. ಸವಣೂರು

ಇದ್ದಲಿನ ಗ್ಯಾಸಿನಿಂದ ಓಡುವ ಮೋಟಾರಿನಲ್ಲಿ ಬಂದೆವು. ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ರಾಘಣ್ಣನವರು ಹದಿನೈದು ದಿನಕ್ಕೊಮ್ಮೆ ಇಲ್ಲಿ ಕೂರುತ್ತಾರೆ. ಇಂಜೆಕ್ಷನ್. ಕೂದಲೆಳೆಯಂಥ ಸೂಜಿಗಳು. ನರ ತೆಗೆದು, ಔಷಧಿ ಇಟ್ಟು ಮುಚ್ಚಿದರು.

"ಇನ್ನ ಎರಡು ಸಲ ಬರಬೇಕು ನೋಡಪಾ. ಹನ್ನೆರಡಕ್ಕ, ಇಪ್ಪತ್ತಾರಕ್ಕ. ನೋವು ನಿಲ್ತದ, ರೋಗ ನಿಂತಿರೂದಿಲ್ಲ. ಬೇರು ಸ್ವಚ್ಛ ಮಾಡಿ ತುಂಬಲಿಲ್ಲಂದ್ರ ಕೀವು ದವಡಿಗೆ ಇಳೀತದ."

"ಕೀಳಿಸಿದ್ರ ಚಲೋ ಇತ್ತೇನ್ರಿ?" ಎಂದು ಗುತ್ತೆವ್ವ ಕೇಳಿದಳು.

"ಹದಿನೇಳು ವರ್ಷದಾಕಿ ನೀ. ನಿನ್ನ ಹಲ್ಲಿಲೇ ಇನ್ನೂ ಐವತ್ತು ವರ್ಷ ರೊಟ್ಟಿ ತಿನ್ನು."

೩೧ ಜುಲೈ

ನೋವೇ ಇಲ್ಲ! ಪುಟಾಣಿ ಕಡಲೆ ಕಡಿದು ತೋರಿಸಿದಳು. ಸಂಜೆ ಕಟ್ಟೆಯ ಮೇಲೆ ಹತ್ತು ಜನರಿಗೆ ಬೇರಿನ ಚಿತ್ರ ಬರೆದು ಎಲ್ಲ ವಿವರಿಸಿದೆ. ಮನೆಯಲ್ಲಿ ಅವ್ವ, ಡಾಕ್ಟರು ಏನಂದರೆಂದು ಕೇಳಿದಳು. "ಆರಾಮ ಆಗೇತಿ" ಎಂದೆ.

೧೧ ಆಗಸ್ಟ್

ನಾಯಕರೆಲ್ಲ ಜೈಲಿನಲ್ಲಿ. ನಾಳೆ ಹಾನಗಲ್ಲಿನಲ್ಲಿ ಮೆರವಣಿಗೆ. ಧ್ವಜ ನನ್ನ ಕೈಗೆ. ನಾಳೆಯೇ ಸವಣೂರಿನ ಸರದಿ... ಅವ್ವ ಒಬ್ಬಳೇ ಊರು ದಾಟಿದವಳಲ್ಲ. ಗುತ್ತೆವ್ವನನ್ನೇ ಕೇಳಿದೆ.

"ನೋವಿಲ್ಲಲ್ಲೋ ಯಣ್ಣಾ. ದೇಶ ಬಿಟ್ಟು ನನ್ನ ಬಾಯಿ ನೋಡ್ಕೋತ ಕುಂದರ್ತೀಯೇನು? ಹೋಗು."

ಇಪ್ಪತ್ತಾರಕ್ಕೆ ಖಂಡಿತ ಕರೆದೊಯ್ಯುತ್ತೇನೆ. ಹದಿನೈದು ದಿನದಲ್ಲಿ ಏನಾದೀತು?

೫ ಅಕ್ಟೋಬರ್

ಮೆರವಣಿಗೆಯಲ್ಲೇ ಹಿಡಿದಿದ್ದರು; ನಿನ್ನೆ ಜೈಲಿನಿಂದ ಬಿಟ್ಟರು.

ಗುತ್ತೆವ್ವ ಇಲ್ಲ. ಹೋಗಿ ಹದಿನೆಂಟು ದಿನ.

೬ ಅಕ್ಟೋಬರ್

ಪಕ್ಕದ ಮನೆಯ ಫಕ್ಕೀರವ್ವ ಹೇಳಿದ್ದು: ಮೊದಲು ಗದ್ದ ಬಾತಿತು. ಅವ್ವ ಬಿಸಿ ತೌಡಿನ ಗಂಟಿನಿಂದ ಶಾಖ ಕೊಟ್ಟಳು. ಹಜರತಅಲಿಯನ್ನು ಕರೆಸಿದರೆ ಗುತ್ತೆವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳಂತೆ.

"'ಅಣ್ಣ ಬರೂತನಾ ಕೀಳಸೂದಿಲ್ಲ' ಅಂದ್ಳಪಾ. ಮರುದಿನ ಕುತ್ತಿಗಿ ಬಾತು ನೀರೂ ಇಳೀಲಿಲ್ಲ. ಚಕ್ಕಡಿ ಹೂಡಿ ಹಾನಗಲ್ಲ ದವಾಖಾನಿಗೆ ಹೊಂಟ್ರು... ದಾರ್‍ಯಾಗ ಉಸಿರು ಕಟ್ಟಿತು."

ಆ ಹೊತ್ತು ನಾನು ಬ್ಯಾರಕ್ಕಿನಲ್ಲಿ ಆರೋಗ್ಯದ ಮೇಲೆ ಭಾಷಣ ಮಾಡುತ್ತಿದ್ದಿರಬೇಕು.

೯ ಅಕ್ಟೋಬರ್

ಮೂರು ದಿನ ನೂಲು ಮುಟ್ಟಿಲ್ಲ. ಅವ್ವ ಒಂದು ಮಾತೂ ಬೈಯುವುದಿಲ್ಲ. ತಾನೇ ಶಾಖ ಕೊಟ್ಟು ಕೊಂದೆ ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಕೇಳಲಾಗಲಿಲ್ಲ. ಇಂದು ಒಲೆಯ ಮುಂದೆ ಕುಳಿತು ಎಲ್ಲ ಬಿಡಿಸಿ ಹೇಳಿದೆ—ನರ ತೆಗೆದರೆ ನೋವು ನಿಲ್ಲುತ್ತದೆ, ಬೇರಿನ ಕೀವು ನಿಲ್ಲುವುದಿಲ್ಲ, ಅದಕ್ಕೇ ಮತ್ತೆರಡು ಸಲ ಹೋಗಲೇಬೇಕಿತ್ತು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಇದೆಲ್ಲಾ ಆವತ್ತಽ ನಿನಗ ಗೊತ್ತಿತ್ತೇನೋ?"

ಗೊತ್ತಿತ್ತು ಎಂದೆ. ಕಟ್ಟೆಯ ಮೇಲೆ ಹತ್ತು ಜನರಿಗೆ ಹೇಳಿದ್ದನ್ನು ಅವ್ವನೊಬ್ಬಳಿಗೆ ಹೇಳಿರಲಿಲ್ಲ.